ವಿಶ್ವವಿದ್ಯಾನಿಲಯದ ತೆರೆದ ಬಾಗಿಲು

ವಿಶ್ವವಿದ್ಯಾನಿಲಯವೆಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ಕಣ್ಣ ಮುಂದೆ ನಿಲ್ಲುವುದು ಎತ್ತರವಾದ ಒಂದು ಹೆಬ್ಬಾಗಿಲು, ಅದರ ಪಕ್ಕದಲ್ಲೊಬ್ಬ ಕಾವಲುಗಾರ, ಒಳಗೆ ಗಂಭೀರವಾದ ಕಲ್ಲಿನ ಕಟ್ಟಡ. ಅಂಕಪಟ್ಟಿಯೆಂಬ ರಹದಾರಿಯಿಲ್ಲದವನಿಗೆ ಆ ಬಾಗಿಲು ತೆರೆಯದೆಂಬುದು ನಮ್ಮ ನಂಬಿಕೆ. ಈ ಮುಂಬಯಿಯಲ್ಲಿ ಹೋಟೆಲಿನಲ್ಲಿಯೋ ಗಿರಣಿಯಲ್ಲಿಯೋ ಕಚೇರಿಯಲ್ಲಿಯೋ ದುಡಿದು ಮಕ್ಕಳನ್ನು ಓದಿಸಿದ ನಮ್ಮ ಹಿರಿಯರು ಇಂತಹ ಕಟ್ಟಡಗಳನ್ನು ಬಸ್ಸಿನ ಕಿಟಕಿಯಿಂದ ಮೂವತ್ತು ನಲವತ್ತು ವರ್ಷ ನೋಡಿದವರು, ಒಳಗೆ ಹೋದವರಲ್ಲ. ಆದರೆ ವರ್ಷದಲ್ಲಿ ಕೆಲವು ದಿನಗಳುಂಟು, ಅಂದು ಆ ಬಾಗಿಲು ಯಾರ ಅಂಕಪಟ್ಟಿಯನ್ನೂ ಕೇಳುವುದಿಲ್ಲ. ಒಂದೆಡೆ ಅದನ್ನು ಕೃಷಿಮೇಳವೆನ್ನುತ್ತಾರೆ, ಇನ್ನೊಂದೆಡೆ ಮುಕ್ತ ದಿನವೆನ್ನುತ್ತಾರೆ, ಮತ್ತೊಂದೆಡೆ ಸಾರ್ವಜನಿಕ ಉಪನ್ಯಾಸವೆನ್ನುತ್ತಾರೆ. ಕೆಲವರಿಗೆ ಜಾತ್ರೆಯ ಹುಚ್ಚಿದ್ದಂತೆ ನನಗೆ ಈ ದಿನಗಳ ಹುಚ್ಚು. ಅದರಿಂದ ನನಗೆ ದೊರೆತುದನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಪಂಡಿತರು ಪಾಮರರನ್ನು ಕರೆದು ಕೂರಿಸಿಕೊಂಡು ಶಾಸ್ತ್ರವನ್ನು ತಿಳಿಯಹೇಳುವ ಈ ಪದ್ಧತಿ ಇಂದು ನಿನ್ನೆಯದಲ್ಲ. ಲಂಡನ್ ನಗರದ ರಾಯಲ್ ಇನ್‌ಸ್ಟಿಟ್ಯೂಷನ್ ವಿಶ್ವವಿದ್ಯಾನಿಲಯವಲ್ಲದಿದ್ದರೂ ಈ ಕಾರ್ಯದಲ್ಲಿ ಎಲ್ಲ ವಿಶ್ವವಿದ್ಯಾನಿಲಯಗಳಿಗೂ ಮಾದರಿಯಾಗಿದೆ. ೧೮೧೨ರಲ್ಲಿ ಅಲ್ಲಿ ಹಂಫ್ರಿ ಡೇವಿ ಎಂಬ ಪ್ರಸಿದ್ಧ ರಸಾಯನ ಶಾಸ್ತ್ರಜ್ಞನ ಉಪನ್ಯಾಸಗಳು ನಡೆಯುತ್ತಿದ್ದುವು. ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ, ಕಮ್ಮಾರನ ಮಗನಾದ, ಶಾಲೆಯ ವಿದ್ಯೆ ಅಲ್ಪಸ್ವಲ್ಪವೇ ಇದ್ದ ಯುವಕನೊಬ್ಬನಿಗೆ ಆ ಅಂಗಡಿಯ ಗಿರಾಕಿಯೊಬ್ಬರು ಪ್ರವೇಶದ ಚೀಟಿಗಳನ್ನು ಕೊಟ್ಟರು. ಯುವಕನು ಹೋದನು, ಕೇಳಿದನು, ಕೇಳಿದುದನ್ನೆಲ್ಲ ಬರೆದುಕೊಂಡನು. ಮನೆಗೆ ಬಂದು ಅದನ್ನು ಅಚ್ಚುಕಟ್ಟಾಗಿ ಪ್ರತಿಮಾಡಿ, ಚಿತ್ರ ಬರೆದು, ತಾನೇ ರಟ್ಟು ಕಟ್ಟಿ, ಡೇವಿಗೆ ಕಳುಹಿಸಿದನು. ಮರುವರ್ಷ, ಅಂದರೆ ೧೮೧೩ರಲ್ಲಿ, ಅವನಿಗೆ ಅದೇ ಸಂಸ್ಥೆಯಲ್ಲಿ ಸಹಾಯಕನ ಕೆಲಸ ದೊರೆಯಿತು. ಅವನ ಹೆಸರು ಮೈಕೇಲ್ ಫ್ಯಾರಡೆ. ೧೮೩೧ರಲ್ಲಿ, ತಂತಿಯ ಸುರುಳಿಯ ಬಳಿ ಅಯಸ್ಕಾಂತವನ್ನು ಚಲಿಸಿದರೆ ವಿದ್ಯುತ್ತು ಹುಟ್ಟುವುದೆಂದು ತೋರಿಸಿಕೊಟ್ಟವನು ಅವನೇ. ೧೮೨೫ರಿಂದ ಕ್ರಿಸ್ಮಸ್ ರಜೆಯಲ್ಲಿ ಮಕ್ಕಳಿಗಾಗಿ ಅಲ್ಲಿ ಉಪನ್ಯಾಸಗಳು ಆರಂಭವಾದುವು. ಅವುಗಳಲ್ಲಿ ಫ್ಯಾರಡೆಯು ಒಂದು ಮೇಣದ ಬತ್ತಿಯನ್ನು ಮುಂದಿಟ್ಟುಕೊಂಡು ಉರಿ, ಗಾಳಿ, ಉಸಿರು ಇವುಗಳ ರಹಸ್ಯವನ್ನೆಲ್ಲ ಬಿಡಿಸಿದ ಉಪನ್ಯಾಸಮಾಲೆಯು ಪುಸ್ತಕವಾಗಿ ಲೋಕವಿಖ್ಯಾತವಾಯಿತು.

ಈ ಕಥೆಯಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ೧೮೧೨ರ ಆ ದಿನಗಳಲ್ಲಿ ಡೇವಿಯ ಮಾತನ್ನು ಕೇಳಲು ಬಂದವನು ಫ್ಯಾರಡೆಯೊಬ್ಬನೇ ಅಲ್ಲ. ಅವನಿಗಿಂತ ಒಳ್ಳೆಯ ಕೋಟು ತೊಟ್ಟವರು, ಅವನಿಗಿಂತ ಹೆಚ್ಚು ಓದಿದವರು ಸಭೆಯಲ್ಲಿ ತುಂಬಿದ್ದರು. ಅವರು ಚಪ್ಪಾಳೆ ತಟ್ಟಿದರು, ಮನೆಗೆ ಹೋಗಿ ಊಟ ಮಾಡಿದರು, ನಿದ್ದೆ ಹೋದರು. ಫ್ಯಾರಡೆಯಾದರೋ ಕೇಳಿದುದನ್ನು ತನ್ನದಾಗಿ ಮಾಡಿಕೊಂಡನು. ತೆರೆದ ಬಾಗಿಲು ಎಲ್ಲರಿಗೂ ಒಂದೇ. ಒಳಗೆ ಹೋದವನು ಏನನ್ನು ಒಯ್ದನು, ಏನನ್ನು ತಂದನು ಎಂಬುದರಲ್ಲಿ ಭೇದವಿದೆ. ನನ್ನ ಅನುಭವಕ್ಕೆ ಬಂದ ಮೂರು ಸಂಗತಿಗಳಿಂದ ಇದನ್ನು ವಿವರಿಸುವೆನು. ಮೊದಲನೆಯದು ಶಕ್ತಿಗೆ, ಎರಡನೆಯದು ಬೇಸಾಯಕ್ಕೆ, ಮೂರನೆಯದು ನಮ್ಮ ಸುತ್ತಣ ನೀರು ನೆಲಗಳಿಗೆ ಸಂಬಂಧಿಸಿದುದು.

ನಮ್ಮ ನಗರದ ಒಂದು ವಿಜ್ಞಾನ ಸಂಸ್ಥೆಯ ಮುಕ್ತ ದಿನದಂದು ಅಂಗಳದಲ್ಲಿ ಒಂದು ಬೈಸಿಕಲ್ಲನ್ನು ನಿಲ್ಲಿಸಿದ್ದರು. ಅದರ ಹಿಂದಿನ ಗಾಲಿಗೆ ವಿದ್ಯುಜ್ಜನಕ ಯಂತ್ರವೊಂದನ್ನು ಜೋಡಿಸಿ, ಎದುರಿಗೆ ಎರಡು ದೀಪಗಳನ್ನು ತೂಗುಹಾಕಿದ್ದರು. ಒಂದು ಅರವತ್ತು ವಾಟಿನ ಹಳೆಯ ತಂತಿಯ ಬಲ್ಬು; ಇನ್ನೊಂದು ಒಂಬತ್ತು ವಾಟಿನ ಎಲ್.ಇ.ಡಿ. ದೀಪ. ಬಂದವರೆಲ್ಲ ತುಳಿದು ನೋಡಬಹುದು. ನಾನೂ ಪಂಚೆಯನ್ನು ಎತ್ತಿ ಕಟ್ಟಿ ಏರಿ ಕುಳಿತೆನು. ಸಣ್ಣ ದೀಪವು ಸುಲಭವಾಗಿ ಬೆಳಗಿತು. ಗುಂಡಿಯನ್ನು ತಿರುಗಿಸಿ ದೊಡ್ಡ ಬಲ್ಬಿಗೆ ಜೋಡಿಸಿದೊಡನೆ ತುಳಿಮಣೆಗೆ ಯಾರೋ ಕಲ್ಲು ಕಟ್ಟಿದಂತಾಯಿತು. ಎರಡೇ ನಿಮಿಷಗಳಲ್ಲಿ ಬೆವರಿಳಿಯಿತು. ಬಲ್ಬಾದರೋ ಮುನಿಸಿಕೊಂಡ ಅಳಿಯನಂತೆ ಮಂಕಾಗಿಯೇ ಇದ್ದಿತು. ಬಳಿಯಲ್ಲಿದ್ದ ವಿದ್ಯಾರ್ಥಿಯು ಲೆಕ್ಕ ಹೇಳಿದನು: ಆರೋಗ್ಯವಂತನಾದ ಮನುಷ್ಯನು ಒಂದು ಗಂಟೆ ಬಿಡದೆ ತುಳಿದರೆ ಸರಾಸರಿ ಎಪ್ಪತ್ತೈದರಿಂದ ನೂರು ವಾಟಿನಷ್ಟು ಶಕ್ತಿಯನ್ನು ಕೊಡಬಲ್ಲನು, ವಿದ್ಯುತ್ ಬಿಲ್ಲಿನಲ್ಲಿ ಬರೆಯುವ ಒಂದು ‘ಯೂನಿಟ್’ ಎಂದರೆ ಸಾವಿರ ವಾಟು ಒಂದು ಗಂಟೆಯ ಕಾಲ, ಆದುದರಿಂದ ಒಂದು ಯೂನಿಟ್ಟಿಗಾಗಿ ಹತ್ತು ಗಂಟೆಗಳಿಗೂ ಮಿಕ್ಕಿ ತುಳಿಯಬೇಕು. ಸಾವಿರ ವಾಟಿನ ಇಸ್ತ್ರಿಪೆಟ್ಟಿಗೆಯು ಅದನ್ನು ಒಂದೇ ಗಂಟೆಯಲ್ಲಿ ನುಂಗುತ್ತದೆ. ವಿದ್ಯುತ್ತನ್ನು ಮಿತವಾಗಿ ಬಳಸಬೇಕೆಂಬ ಉಪದೇಶವನ್ನು ನಾನು ನೂರು ಸಲ ಕೇಳಿದ್ದೆನು. ಅದರ ಅರ್ಥವು ಅಂದು ನನ್ನ ಮೊಣಕಾಲಿಗೆ ತಿಳಿಯಿತು.

ಅಲ್ಲಿಯೇ ಒಬ್ಬ ಹುಡುಗನು, “ಹಾಗಾದರೆ ಇಷ್ಟು ದೊಡ್ಡ ನಗರಕ್ಕಾಗಿ ತುಳಿಯುವವರು ಯಾರು?” ಎಂದು ಕೇಳಿದನು. ಎಲ್ಲರೂ ನಕ್ಕರು, ಪ್ರಶ್ನೆಯು ಮಾತ್ರ ನಗುವಂಥದಾಗಿರಲಿಲ್ಲ. ಅದಕ್ಕೆ ಅಧ್ಯಾಪಕರೊಬ್ಬರು ಗೋಡೆಯ ನಕ್ಷೆಯನ್ನು ತೋರಿಸಿ ಉತ್ತರ ಕೊಟ್ಟರು. ಸಹ್ಯಾದ್ರಿಯ ನೆತ್ತಿಯಲ್ಲಿ, ಲೋಣಾವಳದ ಆಸುಪಾಸಿನಲ್ಲಿ, ಮಳೆಗಾಲದ ನೀರನ್ನು ಕಟ್ಟೆಗಳಲ್ಲಿ ತಡೆದು, ಕೊಳವೆಗಳ ಮೂಲಕ ಸುಮಾರು ೫೦೦ ಮೀಟರು ಕೆಳಗಿರುವ ಖೋಪೋಲಿಗೆ ಧುಮುಕಿಸಿ, ಆ ರಭಸದಿಂದ ಚಕ್ರಗಳನ್ನು ತಿರುಗಿಸಿ, ೧೯೧೫ರಲ್ಲಿ ಮುಂಬಯಿಯ ಗಿರಣಿಗಳಿಗೆ ವಿದ್ಯುತ್ತನ್ನು ತಂದರು. ಅದಕ್ಕೂ ಮೊದಲೇ, ೧೯೦೨ರಲ್ಲಿ, ನಮ್ಮ ಕಾವೇರಿಯು ಶಿವನಸಮುದ್ರದಲ್ಲಿ ಧುಮುಕಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿದ್ದಳು. ಎರಡೂ ಕಡೆ ದುಡಿದುದು ಮಳೆಯ ನೀರು. ದುಡಿಸಿದ ತತ್ತ್ವವು ರಟ್ಟು ಕಟ್ಟುತ್ತಿದ್ದ ಆ ಯುವಕನು ಕಂಡುಹಿಡಿದುದು. ಇಂದು ನಮ್ಮ ನಗರದ ವಿದ್ಯುತ್ತಿನಲ್ಲಿ ನೀರಿನ ಪಾಲು ಸಣ್ಣದು, ಕಲ್ಲಿದ್ದಲಿನ ಪಾಲು ದೊಡ್ಡದು. ನೀರು ಮತ್ತೆ ಮಳೆಯಾಗಿ ಬರುತ್ತದೆ; ಉರಿದ ಕಲ್ಲಿದ್ದಲು ಹೊಗೆಯಾಗಿ ಆಕಾಶದಲ್ಲಿ ಉಳಿಯುತ್ತದೆ. ಆ ಹುಡುಗನ ಪ್ರಶ್ನೆಗೆ ಉತ್ತರವನ್ನು ಇನ್ನು ಮುಂದೆ ಹುಡುಕಬೇಕಾದವರು ನೀವೇ.

ಎರಡನೆಯ ಸಂಗತಿಗಾಗಿ ನಿಮ್ಮನ್ನು ಧಾರವಾಡಕ್ಕೆ ಕರೆದೊಯ್ಯಬೇಕು. ಅಲ್ಲಿಯ ಕೃಷಿ ಕಾಲೇಜು ೧೯೪೭ರಲ್ಲಿ ಆರಂಭವಾದುದು. ೧೯೮೬ರಲ್ಲಿ ಅದು ಕೃಷಿ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ಹತ್ತಿಯ ಎರಡು ಬೇರೆ ಬೇರೆ ಜಾತಿಗಳನ್ನು ಕೂಡಿಸಿ ‘ವರಲಕ್ಷ್ಮಿ’ ಎಂಬ ಸಂಕರ ತಳಿಯನ್ನು ೧೯೭೨ರಲ್ಲಿ ಡಾಕ್ಟರ್ ಬಿ. ಎಚ್. ಕಟರಕಿಯವರು ಬೆಳಕಿಗೆ ತಂದುದು ಧಾರವಾಡದಲ್ಲಿಯೇ. ಅಲ್ಲಿ ವರ್ಷಕ್ಕೊಮ್ಮೆ ನಡೆಯುವ ಕೃಷಿಮೇಳಕ್ಕೆ ಬಂಡಿ ಕಟ್ಟಿಕೊಂಡು ಬರುತ್ತಿದ್ದ ಜನ ಈಗ ಬಸ್ಸು ಟೆಂಪೋಗಳಲ್ಲಿ ಬರುತ್ತಾರೆ. ವಿಜಯಪುರ ಜಿಲ್ಲೆಯ ಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿರುವ ನನ್ನ ಸೋದರಮಾವನೊಡನೆ ನಾನೊಮ್ಮೆ ಅಲ್ಲಿಗೆ ಹೋಗಿದ್ದೆನು. ಮಾವನ ಬಗಲಲ್ಲಿ ಒದ್ದೆಯ ಗೋಣಿತಾಟಿನಲ್ಲಿ ಸುತ್ತಿದ ಉದ್ದನೆಯ ಗಂಟೊಂದಿದ್ದಿತು. ಅದೇನೆಂದು ಕೇಳಿದುದಕ್ಕೆ, “ತಮ್ಮಾ, ಊರ ಜಾತ್ರಿಗೆ ಹೋಗೂ ಮುಂದ ಕಾಯಿ ಒಯ್ತೀವಿಲ್ಲೋ? ಇಲ್ಲಿಗೂ ಬರಿಗೈಲೆ ಬರಬಾರದು” ಎಂದನು. ಗಂಟಿನಲ್ಲಿದ್ದುದು ಬೇರುಸಹಿತ ಕಿತ್ತ ಎರಡು ತೊಗರಿಯ ಗಿಡಗಳು. ಎರಡೂ ಬಾಡಿ ಜೋತುಬಿದ್ದಿದ್ದುವು.

ಆ ವರ್ಷ ಮಾವನ ಹೊಲದಲ್ಲಿ ಗಿಡಗಳು ಒಂದರ ಹಿಂದೊಂದರಂತೆ ಒಣಗುತ್ತಿದ್ದುವು. ತೊಗರಿಯ ಹಣದಿಂದ ಸೊಸೈಟಿಯ ಸಾಲ ತೀರಬೇಕಾಗಿದ್ದಿತು, ಮಗಳ ಕಾಲೇಜಿನ ಶುಲ್ಕ ಕಟ್ಟಬೇಕಾಗಿದ್ದಿತು. ಯಾರೋ ಹೇಳಿದರೆಂದು ಎರಡು ಸಲ ಔಷಧಿಯನ್ನು ಸಿಂಪಡಿಸಿದ್ದನು. ಹಣ ಹೋಯಿತು, ಗಿಡ ಉಳಿಯಲಿಲ್ಲ. ಮೇಳದಲ್ಲಿ ಸಸ್ಯರೋಗಗಳ ವಿಭಾಗದ ಮೇಜಿನ ಮುಂದೆ ರೈತರ ದೊಡ್ಡ ಸಾಲಿದ್ದಿತು. ಒಬ್ಬರ ಕೈಯಲ್ಲಿ ಮೆಣಸಿನಕಾಯಿಯ ಎಲೆ, ಇನ್ನೊಬ್ಬರ ಕೈಯಲ್ಲಿ ದಾಳಿಂಬೆಯ ಕಾಯಿ. ಆಸ್ಪತ್ರೆಯಲ್ಲಿ ಮಕ್ಕಳನ್ನು ಎತ್ತಿಕೊಂಡು ನಿಂತವರ ಮುಖದಲ್ಲಿ ಕಾಣುವ ಕಾತರವೇ ಅವರ ಮುಖಗಳಲ್ಲಿಯೂ. ಮಾವನ ಸರದಿ ಬಂದಿತು. ವಿಜ್ಞಾನಿಯು ಗಿಡವನ್ನು ತೆಗೆದುಕೊಂಡು, ಚಾಕುವಿನಿಂದ ಕಾಂಡವನ್ನು ಉದ್ದಕ್ಕೆ ಸೀಳಿದನು. ತೊಗಟೆಯ ಒಳಗೆ ಕಂದು ಕಪ್ಪಿನ ಗೆರೆಗಳು ಬೇರಿನಿಂದ ಮೇಲಕ್ಕೆ ಹರಿದಿದ್ದುವು. “ಯಜಮಾನ್ರ, ಇದು ನೆಟೆರೋಗ. ರೋಗದ ಬೂಜು ಮಣ್ಣಾಗ ಐತಿ, ಬೇರಿನಿಂದ ಒಳಗ ಹೋಗಿ ನೀರಿನ ದಾರಿ ಕಟ್ಟತೈತಿ. ಮ್ಯಾಲ ಎಷ್ಟು ಎಣ್ಣಿ ಹೊಡದ್ರೂ ಉಪಯೋಗಿಲ್ಲ” ಎಂದನು.

ಮಾವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾಹೇಬ್ರ, ಒಂದು ಮಾತು ಕೇಳಲ್ಯಾ? ಬದುವಿನ ಕಡೆ ಜ್ವಾಳದ ಅಕ್ಕಡಿ ಹಾಕೇನಿ. ಅಲ್ಲಿ ತೊಗರಿ ಇಷ್ಟು ಒಣಗಿಲ್ಲ. ಅದ್ಯಾಕ?” ಎಂದನು. ಆಗ ನಡೆದುದನ್ನು ನಾನು ಮರೆಯಲಾರೆ. ವಿಜ್ಞಾನಿಯು ಗಿಡವನ್ನು ಕೆಳಗಿಟ್ಟನು. ಮೇಜಿನ ಮೇಲಿದ್ದ ವಹಿಯನ್ನು ಹತ್ತಿರಕ್ಕೆ ಎಳೆದುಕೊಂಡನು. ಎಷ್ಟು ಸಾಲಿಗೆ ಎಷ್ಟು ಜೋಳ, ಯಾವ ಜೋಳ, ಯಾವ ಮಳೆಗೆ ಬಿತ್ತಿದಿರಿ, ಆ ಭಾಗದಲ್ಲಿ ಹಿಂದಿನ ವರ್ಷ ಏನಿದ್ದಿತು, ಎಂದು ಒಂದೊಂದಾಗಿ ಕೇಳಿ ಬರೆದುಕೊಂಡನು. ಜೋಳದೊಡನೆ ಬೆಳೆದ ತೊಗರಿಯಲ್ಲಿ ಈ ರೋಗವು ಕಡಿಮೆಯಾಗುವುದು ಪ್ರಯೋಗದ ತಾಕುಗಳಲ್ಲಿಯೂ ಕಂಡುಬಂದಿದೆ ಎಂದು ತಿಳಿಸಿದನು. ಹೊಲದಲ್ಲಿ ಕೆಲವು ವರ್ಷ ತೊಗರಿಯನ್ನು ಬಿಟ್ಟು ಬೇರೆ ಬೆಳೆಯನ್ನು ತೆಗೆಯಬೇಕು, ಮುಂದೆ ಹಾಕುವಾಗ ರೋಗವನ್ನು ತಡೆಯುವ ತಳಿಯನ್ನೇ ಹಾಕಬೇಕು, ಬೀಜಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಲೇಪಿಸಬೇಕು, ಎಂದು ಹೇಳಿದನು. ವಿದ್ಯೆಯು ಮೇಲಿನಿಂದ ಕೆಳಕ್ಕೆ ಸುರಿಯುವ ನೀರೆಂದು ನಾವು ಭಾವಿಸಿರುತ್ತೇವೆ. ಆ ಮೇಜಿನ ಮೇಲೆ ಅದು ಎರಡು ದಿಕ್ಕಿಗೂ ಹರಿಯಿತು. ಆ ವರ್ಷದ ಬೆಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಾವನ ಕೈಬಿಟ್ಟಿತು. ಮಗಳ ಶುಲ್ಕಕ್ಕೆ ಒಂದು ಎತ್ತನ್ನು ಮಾರಿದನು. ಹಿಂದಿರುಗುವಾಗ ಬಸ್ಸಿನಲ್ಲಿ ಅವನು ಹೇಳಿದುದು ಇಷ್ಟೇ: “ಹೋದದ್ದು ಹೋತು. ಇನ್ನ ಮ್ಯಾಲ ಹೋಗೂದು ಉಳೀತು.”

ಮೂರನೆಯ ಸಂಗತಿಯು ನಮ್ಮ ನಗರದ್ದು, ನಮ್ಮ ಶಾಲೆಯದು. ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಇಲ್ಲಿಯ ಕಾಲೇಜೊಂದರಲ್ಲಿ ಮುಂಬಯಿಯ ಮಳೆಯನ್ನೂ ಮಿಠಿ ನದಿಯನ್ನೂ ಕುರಿತು ಸಾರ್ವಜನಿಕ ಉಪನ್ಯಾಸವಿದ್ದಿತು. ನಮ್ಮ ಶಾಲೆಯ ನಾಲ್ವರು ವಿದ್ಯಾರ್ಥಿಗಳೊಡನೆ ನಾನೂ ಹೋಗಿದ್ದೆನು. ೨೦೦೫ನೆಯ ಇಸವಿಯ ಜುಲೈ ೨೬ರ ಮಳೆಯ ಕಥೆಯನ್ನು ನಿಮ್ಮ ಮನೆಯ ಹಿರಿಯರಿಂದ ನೀವು ಕೇಳಿರಬಹುದು. ಸೊಂಟದ ಮಟ್ಟದ ನೀರಿನಲ್ಲಿ ರಾತ್ರಿಯೆಲ್ಲ ನಡೆದು ಮನೆ ಸೇರಿದವರು ನಮ್ಮವರಲ್ಲಿ ಅನೇಕರಿದ್ದಾರೆ. ಅಂದು ಸಾಂತಾಕ್ರೂಜಿನ ವೀಕ್ಷಣಾಲಯದಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ ೯೪೪ ಮಿಲಿಮೀಟರು ಮಳೆ ದಾಖಲಾಯಿತು. ಉಪನ್ಯಾಸ ಮುಗಿದು ಪ್ರಶ್ನೆಗಳ ವೇಳೆ ಬಂದಾಗ, ನನ್ನ ಪಕ್ಕದಲ್ಲಿದ್ದ ಒಂಬತ್ತನೆಯ ತರಗತಿಯ ಹುಡುಗಿಯು ಮೆಲ್ಲಗೆ, “ಸರ್, ನನಗೊಂದು ಪ್ರಶ್ನೆ ಇದೆ. ನೀವೇ ಕೇಳಿ, ನನಗೆ ಇಂಗ್ಲಿಷಿನಲ್ಲಿ ಕೇಳಲು ಬರುವುದಿಲ್ಲ” ಎಂದಳು. “ಪ್ರಶ್ನೆ ನಿನ್ನದು, ಬರುವ ಮಾತಿನಲ್ಲಿ ನೀನೇ ಕೇಳಮ್ಮ” ಎಂದೆನು. ಅವಳು ಎದ್ದು ನಿಂತು, ನಮ್ಮ ಬೀದಿಯ ಹಿಂದಿಯಲ್ಲಿ, ನಡುಗುವ ದನಿಯಲ್ಲಿ ಕೇಳಿದಳು: ಸಮುದ್ರದಲ್ಲಿ ಭರತವಿರುವಾಗ ನದಿಯ ನೀರು ಎಲ್ಲಿಗೆ ಹೋಗುತ್ತದೆ?

ಸಭೆಯಲ್ಲಿ ಕೆಲವರು ಮುಗುಳ್ನಕ್ಕರು. ಪ್ರಾಧ್ಯಾಪಕರು ನಗಲಿಲ್ಲ. “ಈ ಮಗು ಇಡೀ ಉಪನ್ಯಾಸದ ನಡುಗಂಬವನ್ನೇ ಹಿಡಿದಿದೆ” ಎಂದು ಹೇಳಿ, ಅವರೂ ಅದೇ ಹಿಂದಿಯಲ್ಲಿ ಉತ್ತರಿಸಿದರು. ವಿಹಾರ, ಪೊವಾಯಿ ಕೆರೆಗಳ ಕೋಡಿಯಿಂದ ಹೊರಟು ಮಾಹಿಮಿನಲ್ಲಿ ಕಡಲನ್ನು ಸೇರುವ ಮಿಠಿ ನದಿಯು ಭರತದ ಹೊತ್ತಿನಲ್ಲಿ ಬಾಗಿಲು ಮುಚ್ಚಿದ ಮನೆಯ ಮುಂದೆ ನಿಂತ ಅತಿಥಿಯಂತೆ ಕಾಯಬೇಕಾಗುತ್ತದೆ. ಆಗ ನೀರಿಗೆ ನಿಲ್ಲಲು ಎಡೆ ಬೇಕು. ಹಿಂದೆ ಜೌಗು ನೆಲಗಳೂ ಕಾಂಡ್ಲಾ ಕಾಡುಗಳೂ ಆ ಎಡೆಯಾಗಿದ್ದುವು. ಅವನ್ನು ಹೂಳಿ ಕಟ್ಟಡಗಳನ್ನು ಎಬ್ಬಿಸಿದ ಮೇಲೆ ನೀರು ನಿಲ್ಲಲು ಉಳಿದುದು ಮನೆಗಳ ಒಳಗೆ. ೨೦೦೫ರಲ್ಲಿ ಅಷ್ಟು ದೊಡ್ಡ ಮಳೆಯೂ ಕಡಲಿನ ಭರತವೂ ಒಂದೇ ದಿನ ಕೂಡಿಬಂದುವು. ಅನಂತರ ಪ್ರಾಧ್ಯಾಪಕರು ಒಂದು ವಿಚಿತ್ರವಾದ ಅಂಕೆಯನ್ನು ಹೇಳಿದರು. ಅದೇ ದಿನ, ಅಲ್ಲಿಂದ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರು ದೂರದ ಕೊಲಾಬಾದಲ್ಲಿ ಬಿದ್ದ ಮಳೆಯು ಸುಮಾರು ೭೩ ಮಿಲಿಮೀಟರು ಮಾತ್ರ! ಒಂದೇ ನಗರ, ಒಂದೇ ದಿನ. ಒಂದೆಡೆ ಪ್ರಳಯ, ಇನ್ನೊಂದೆಡೆ ಸಾಮಾನ್ಯ ಮಳೆಗಾಲ. ಆದುದರಿಂದ ಮಳೆಯನ್ನು ಎರಡು ಮೂರು ಕಡೆ ಅಳೆದರೆ ಸಾಲದು, ಬೀದಿಬೀದಿಯಲ್ಲಿಯೂ ಅಳೆಯಬೇಕು. ನಿಮ್ಮ ಶಾಲೆಯ ಮಾಳಿಗೆ ಏಕಾಗಬಾರದು, ಎಂದು ಅವರು ಹುಡುಗಿಯನ್ನೇ ಕೇಳಿದರು.

ಅದಕ್ಕೆ ಬೇಕಾದುದು ಬಾಯಿಯಿಂದ ತಳದವರೆಗೆ ಒಂದೇ ಅಗಲವಿರುವ ಡಬ್ಬಿ ಒಂದು, ಅಳತೆಪಟ್ಟಿ ಒಂದು. ಗೋಡೆಯ ಮರೆಯಿಲ್ಲದ ಎಡೆಯಲ್ಲಿ ಡಬ್ಬಿಯನ್ನು ಅಲುಗದಂತೆ ನಿಲ್ಲಿಸಿ, ದಿನವೂ ಬೆಳಿಗ್ಗೆ ಎಂಟೂವರೆ ಗಂಟೆಗೆ ನೀರಿನ ಎತ್ತರವನ್ನು ಅಳೆದು ಬರೆದು, ನೀರನ್ನು ಚೆಲ್ಲಿಬಿಡಬೇಕು. ಒಂದು ಚದರ ಮೀಟರು ನೆಲದ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಒಂದು ಲೀಟರು ನೀರು. ಈ ಲೆಕ್ಕದಂತೆ ೫೦೦ ಚದರ ಮೀಟರಿನ ಒಂದು ಮಾಳಿಗೆಯ ಮೇಲೆ ೯೪೪ ಮಿಲಿಮೀಟರು ಬಿದ್ದರೆ ೪,೭೨,೦೦೦ ಲೀಟರುಗಳಾಯಿತು. ಹತ್ತು ಸಾವಿರ ಲೀಟರಿನ ಟ್ಯಾಂಕರುಗಳಾದರೆ ನಲವತ್ತೇಳಕ್ಕೂ ಮಿಕ್ಕಿ ಬೇಕು. ಆ ಹುಡುಗಿಯೂ ಅವಳ ಗೆಳತಿಯರೂ ಎರಡು ಮಳೆಗಾಲ ಬಿಡದೆ ಈ ಕೆಲಸವನ್ನು ನಡೆಸಿದರು. ಪತ್ರಿಕೆಯ ಅಂಕೆಗೂ ತಮ್ಮ ಡಬ್ಬಿಯ ಅಂಕೆಗೂ ಹೊಂದದ ದಿನಗಳಲ್ಲಿ ಅವರಿಗಾಗುತ್ತಿದ್ದ ಸಂಭ್ರಮವನ್ನು ನೀವು ನೋಡಬೇಕಾಗಿತ್ತು!

ಅಂದು ಆ ಹುಡುಗಿಯು ಏಳದೆ ಇದ್ದಿದ್ದರೆ? ಕನ್ನಡ ಶಾಲೆಯಲ್ಲಿ ಓದುವ ನಿಮ್ಮ ಮನಸ್ಸಿನಲ್ಲಿ, ವಿಜ್ಞಾನವು ಬೇರೆ ಭಾಷೆಯವರ ಸೊತ್ತೆಂಬ ಅಳುಕು ಇರುವುದನ್ನು ನಾನು ಬಲ್ಲೆನು. ಆ ಅಳುಕಿಗೆ ಆಧಾರವಿಲ್ಲ. ೧೯೧೮ರಷ್ಟು ಹಿಂದೆಯೇ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದರು. ೧೯೧೬ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸಗಳನ್ನು ಮಾಡಿ, ಅವನ್ನು ಸಣ್ಣ ಸಣ್ಣ ಪುಸ್ತಕಗಳಾಗಿ ಅಚ್ಚುಮಾಡಿದರು. ಧಾರವಾಡದ ಆ ಮೇಜಿನ ಮುಂದೆ ನೆಟೆರೋಗದ ಶಾಸ್ತ್ರವೆಲ್ಲವೂ ಮಾವನ ಮಾತಿನಲ್ಲಿಯೇ ಇಳಿದುಬಂದಿತು. ಇಂಗ್ಲಿಷನ್ನು ಚೆನ್ನಾಗಿ ಕಲಿಯಿರಿ, ಬೇಡವೆನ್ನುವುದಿಲ್ಲ. ಆದರೆ ಅದು ಬರುವವರೆಗೆ ಪ್ರಶ್ನೆಯನ್ನು ಕಟ್ಟಿಡಬೇಡಿ. ತೊಗರಿಯ ಗಿಡದಂತೆ ಪ್ರಶ್ನೆಯೂ ಬಹಳ ದಿನ ಕಟ್ಟಿಟ್ಟರೆ ಒಣಗಿಹೋಗುತ್ತದೆ.

ಇಂತಹ ದಿನಗಳೆಲ್ಲವೂ ಜ್ಞಾನಯಜ್ಞಗಳೇ ಎಂದು ನಾನು ಹೇಳಲಾರೆ. ಮೇಳದಲ್ಲಿ ಮಿರ್ಚಿಭಜಿಯ ಅಂಗಡಿಯ ಮುಂದಿನ ಗುಂಪು ಮಣ್ಣಿನ ಪರೀಕ್ಷೆಯ ಮುಂದಿನ ಗುಂಪಿಗಿಂತ ದೊಡ್ಡದಾಗಿರುವುದುಂಟು. ಯಂತ್ರ ಮಾರುವವರ ಕೂಗಿನಲ್ಲಿ ಉಪನ್ಯಾಸಕರ ದನಿ ಅಡಗುವುದುಂಟು. ನೋಡಲು ಹೋದವರು ಯಾವುದನ್ನೂ ನೋಡದೆ, ಎಲ್ಲದರ ಮುಂದೆಯೂ ನಿಂತು ತಮ್ಮ ಭಾವಚಿತ್ರವನ್ನೇ ತೆಗೆದುಕೊಂಡು ಬರುವುದೂ ಉಂಟು. ಸಭೆಯ ಕೊನೆಯಲ್ಲಿ ತಮ್ಮ ಪಾಂಡಿತ್ಯವನ್ನು ಮೆರೆಸುವುದಕ್ಕಾಗಿಯೇ ಕಾಲು ಗಂಟೆ ಪ್ರಶ್ನೆ ಕೇಳುವ ಮಹನೀಯರನ್ನೂ ಕಂಡಿದ್ದೇನೆ. ಇವೆಲ್ಲ ಜಾತ್ರೆಯ ಧೂಳು. ಧೂಳಿಗೆ ಹೆದರಿ ಯಾರೂ ತೇರನ್ನು ನೋಡದೆ ಬರುವುದಿಲ್ಲ.

ವಿದ್ಯಾರ್ಥಿ ಮಿತ್ರರೇ, ಇದಕ್ಕೆ ನೀವು ದೂರ ಹೋಗಬೇಕಾಗಿಲ್ಲ. ೧೯೨೮ರ ಫೆಬ್ರವರಿ ೨೮ರ ರಾಮನ್ ಪರಿಣಾಮದ ಶೋಧನೆಯ ನೆನಪಿಗಾಗಿ ಪ್ರತಿವರ್ಷ ಅಂದು ರಾಷ್ಟ್ರೀಯ ವಿಜ್ಞಾನ ದಿನವನ್ನು ಆಚರಿಸುತ್ತಾರೆ. ಆ ದಿನದ ಆಸುಪಾಸಿನಲ್ಲಿ ಅನೇಕ ಸಂಸ್ಥೆಗಳು ತಮ್ಮ ಪ್ರಯೋಗಶಾಲೆಗಳನ್ನು ಎಲ್ಲರಿಗೂ ತೆರೆಯುತ್ತವೆ. ಇಲ್ಲಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ೨೦೦೯ರಲ್ಲಿ ‘ಚಾಯ್ ಆಂಡ್ ವೈ’ ಎಂಬ ಹೆಸರಿನಿಂದ, ಚಹ ಕುಡಿಯುತ್ತ ವಿಜ್ಞಾನವನ್ನು ಮಾತಾಡುವ ಭಾನುವಾರದ ಸಭೆಗಳನ್ನು ಆರಂಭಿಸಿದರು. ರಜೆಯಲ್ಲಿ ಊರಿಗೆ ಹೋದಾಗ ಹತ್ತಿರದಲ್ಲೆಲ್ಲಾದರೂ ಕೃಷಿಮೇಳ ನಡೆಯುತ್ತಿದ್ದರೆ ಅಜ್ಜನನ್ನೋ ಮಾವನನ್ನೋ ಹೊರಡಿಸಿಕೊಂಡು ಹೋಗಿರಿ. ಹೋಗುವಾಗ ಕೈಯಲ್ಲಿ ಏನಾದರೊಂದು ಇರಲಿ: ಬಾಡಿದ ಎಲೆ, ಮನೆಯ ವಿದ್ಯುತ್ತಿನ ಬಿಲ್ಲು, ಬೀದಿಯ ಚರಂಡಿಯ ನೀರಿನ ಸೀಸೆ, ಅಥವಾ ರಾತ್ರಿ ನಿದ್ದೆಗೆಡಿಸಿದ ಒಂದು ಸಂದೇಹ.

ಕೊನೆಯದಾಗಿ ಒಂದು ಬಿನ್ನಹ. ಮಳೆಯನ್ನು ಅಳೆದ ಆ ಹುಡುಗಿಯರು ಶಾಲೆಯನ್ನು ಮುಗಿಸಿ ಹೋಗಿದ್ದಾರೆ. ಅವರ ವಹಿಯು ವಿಜ್ಞಾನದ ಕೋಣೆಯ ಬೀರುವಿನಲ್ಲಿ, ಎರಡನೆಯ ಹಲಗೆಯ ಮೇಲೆ ಇದೆ. ಡಬ್ಬಿಯೂ ಅದರ ಪಕ್ಕದಲ್ಲಿಯೇ ಇದೆ. ವಹಿಯಲ್ಲಿ ಇನ್ನೂ ಅರ್ಧದಷ್ಟು ಹಾಳೆಗಳು ಖಾಲಿಯಾಗಿವೆ. ಜೂನ್ ತಿಂಗಳು ಬರುವುದರೊಳಗೆ ನಿಮ್ಮಲ್ಲಿ ಯಾರಾದರೂ ಇಬ್ಬರು ಬಂದು ಬೀರುವಿನ ಬೀಗದ ಕೈಯನ್ನು ಕೇಳಿದರೆ ನನಗೆ ಬಹಳ ಸಂತೋಷವಾಗುವುದು.